ಕಾಲುವೆ ತುಂಬ ಜೊಂಡು, ಕೊನೆ ಗದ್ದೆಗೆ ನೀರಿಲ್ಲ: ಕೊಯ್ಯೋದಾ, ಅಗೆಯೋದಾ, ಔಷಧಿ ಹೊಡೆಯೋದಾ?

ಟೇಲೆಂಡ್ ರೈತ

ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆ ಕಡೆ, ಭದ್ರಾ ಅಚ್ಚುಕಟ್ಟಿನ ಕೊನೆ ಭಾಗ. ಭತ್ತ ಬೆಳೆಯುತ್ತೇವೆ. ನಮ್ಮ ಉಪಕಾಲುವೆಯಲ್ಲಿ ಜೊಂಡು ಎಷ್ಟು ದಟ್ಟವಾಗಿದೆ ಅಂದ್ರೆ, ಈ ದಂಡೆಯಲ್ಲಿ ನಿಂತವನಿಗೆ ಆ ದಂಡೆಯವನು ಕಾಣಲ್ಲ. ಆಳೆತ್ತರ ದಾಟಿ ಹೋಗಿದೆ. ನೀರು ಬಿಟ್ಟರೆ ಮೇಲ್ಭಾಗದಲ್ಲಿ ದಂಡೆ ಒಡೆಯುವಷ್ಟು ನಿಲ್ಲುತ್ತೆ, ನಮ್ಮಲ್ಲಿ ಪಾದ ನೆನೆಯುವಷ್ಟೂ ಬರಲ್ಲ. ಕಳೆದ ಬೇಸಿಗೆ ಬೆಳೆಗೆ ಹೊಡೆ ಬರುವ ಹೊತ್ತಿಗೇ ನೀರು ಕೈಕೊಟ್ಟಿತು. ಹಳ್ಳಕ್ಕೆ ಡೀಸೆಲ್ ಪಂಪ್ ಇಟ್ಟವರು ಹೇಗೋ ಉಳಿಸಿಕೊಂಡರು. ಉಳಿದವರದ್ದು ಬರೀ ಜೊಳ್ಳು.

ಪ್ರತಿ ವರ್ಷ ಜಂಗಲ್ ಕಟಿಂಗ್ ಅಂತ ಒಂದು ಕೆಲಸ ಆಗುತ್ತೆ. ಗುತ್ತಿಗೆದಾರರ ಕಡೆಯವರು ಬಂದು ಮೇಲೆ ಮೇಲೆ ಸವರಿ, ಫೋಟೋ ಹಿಡಿದು ಹೋಗುತ್ತಾರೆ. ತಿಂಗಳೊಳಗೆ ಮತ್ತೆ ಅದೇ ಕಾಡು. ಈ ಸಲ ನಾವೇ ಎಕರೆಗಿಷ್ಟು ಅಂತ ವಂತಿಗೆ ಹಾಕಿ ಮಾಡಿಸೋಣ ಅಂತ ಊರಲ್ಲಿ ಮಾತಾಗಿದೆ. ಹಿಟಾಚಿ ತಂದು ಬೇರು ಸಮೇತ ತೆಗೆಸಬೇಕು ಅಂತ ಕೆಲವರು. ಕಳೆನಾಶಕ ಹೊಡೆದರೆ ಅಗ್ಗ ಅಂತ ಕೆಲವರು. ಒಣಗಿದಾಗ ಬೆಂಕಿ ಇಟ್ಟರೆ ಖರ್ಚೇ ಇಲ್ಲ ಅಂತ ಹುಡುಗರು. ದುಡ್ಡು ಕೂಡೋದು ಒಂದು ಸಲದ ಕೆಲಸಕ್ಕೆ ಮಾತ್ರ. ಗೊತ್ತಿರುವವರು ದಾರಿ ಹೇಳಿ.

ಗದ್ದೆಬದು

ಅಣ್ಣ, ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ಗ್ಲೈಫೋಸೇಟ್ ತಂದು ಹೊಡೆಸಿ. ಹದಿನೈದು ದಿನಕ್ಕೆ ಹಳದಿ ಆಗಿ ಮಲಗುತ್ತೆ. ಹಿಟಾಚಿಗೆ ಗಂಟೆ ಲೆಕ್ಕದಲ್ಲಿ ಸುರಿಯುವ ದುಡ್ಡಲ್ಲಿ ಮೂರು ವರ್ಷದ ಔಷಧಿ ಬರುತ್ತೆ. ನಮ್ಮ ಕಡೆ ಬದುವಿಗೆಲ್ಲ ಅದೇ ಹೊಡೆಯೋದು.

ಹಳೇ ಇಂಜಿನಿಯರ್

ನಾಲೆ ಕೆಲಸದಲ್ಲೇ ತಲೆ ಬೆಳ್ಳಗಾದವನು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು, ನೀರು ಯಾಕೆ ಬರ್ತಿಲ್ಲ ಅನ್ನೋದು. ಕಾಲುವೆಯಲ್ಲಿ ಎಷ್ಟು ನೀರು ಹರಿಯುತ್ತೆ ಅಂತ ಲೆಕ್ಕ ಹಾಕೋಕೆ ಮ್ಯಾನಿಂಗ್ ಸೂತ್ರ ಬಳಸುತ್ತೇವೆ. ಅದರಲ್ಲಿ ಕಾಲುವೆಯ ಒರಟುತನಕ್ಕೆ ಒಂದು ಅಂಕಿ ಇದೆ. ಚೊಕ್ಕ ಮಣ್ಣಿನ ಕಾಲುವೆಗೆ 0.025 ಆಸುಪಾಸು. ನೀರಿನ ಮಟ್ಟದವರೆಗೂ ಕಳೆ ದಟ್ಟವಾಗಿ ನಿಂತರೆ ಅದೇ ಅಂಕಿ 0.08 ಆಗುತ್ತೆ, ಇನ್ನೂ ಜಾಸ್ತಿಯೂ ಆಗಬಹುದು. ಸೂತ್ರದಲ್ಲಿ ಈ ಅಂಕಿಯಿಂದ ಭಾಗಿಸಬೇಕು. ಅಂದರೆ ಅದೇ ಅಗಲ, ಅದೇ ಇಳಿಜಾರು, ಅದೇ ಎತ್ತರದ ನೀರು ಇದ್ದರೂ ಹರಿಯೋದು ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಉಳಿದದ್ದು ಹಿಂದಕ್ಕೆ ಒತ್ತಿಕೊಂಡು ನಿಲ್ಲುತ್ತೆ. ಆಗ ಮೇಲ್ಭಾಗದ ತೂಬುಗಳಿಗೆ ನೀರಿನ ಎತ್ತರ ಸಿಕ್ಕಿ, ಅವರ ಪಾಲಿಗಿಂತ ಹೆಚ್ಚೇ ಒಳಗೆ ಹೋಗುತ್ತೆ. ಜೊಂಡಿನಿಂದ ಮೇಲಿನವರಿಗೆ ನಷ್ಟ ಇಲ್ಲ, ಲಾಭವೇ. ವಂತಿಗೆ ಕೇಳೋಕೆ ಹೋಗುವಾಗ ಇದು ತಲೆಯಲ್ಲಿರಲಿ.

ಎರಡನೇದು, ಜೊಂಡಿನ ಜೀವ ಇರೋದು ಎಲೆಯಲ್ಲಿ ಅಲ್ಲ, ಕೆಸರಿನೊಳಗೆ ಅಡ್ಡಡ್ಡ ಹರಿಯುವ ಗೆಡ್ಡೆಯಲ್ಲಿ. ಊಟವೆಲ್ಲ ಅಲ್ಲೇ ಕೂಡಿಟ್ಟಿರುತ್ತೆ. ಬೆಂಕಿ ಇಟ್ಟರೆ ಸುಡೋದು ಮೇಲಿನ ಒಣ ಎಲೆ ಮಾತ್ರ. ಕೆಸರಿನೊಳಗೆ ಬಿಸಿ ತಟ್ಟಲ್ಲ. ಬೂದಿ ಬಿದ್ದು, ಬೆಳಕು ಬಿದ್ದು, ಹೊಸ ಚಿಗುರು ಇನ್ನೂ ಚೆನ್ನಾಗಿ ಬರುತ್ತೆ. ಪಕ್ಕದಲ್ಲಿ ಯಾರದ್ದೋ ಬಣವೆ ಇದ್ದರೆ ಅದೂ ಹೋಗುತ್ತೆ. ಬೆಂಕಿ ವಿಚಾರ ಬಿಟ್ಟೇಬಿಡಿ.

ಹಿಟಾಚಿ ಬಗ್ಗೆ: ಹೂಳು ತೆಗೆಯೋಕೆ ಅದು ಬೇಕು, ಜೊಂಡು ತೆಗೆಯೋಕೆ ಅಂತ ತರಬೇಡಿ. ಗೆಡ್ಡೆ ಮುರಿದು ಉಳಿದ ತುಂಡಿನಿಂದಲೇ ಮತ್ತೆ ಚಿಗುರುತ್ತೆ. ಮಟ್ಟ ಹಿಡಿಯದೆ ಆಪರೇಟರ್ ಕೈಗೆ ಬಂದಷ್ಟು ಬಗೆದರೆ ತಳದಲ್ಲಿ ಗುಂಡಿ ಬೀಳುತ್ತೆ. ನಾಲೆ ಬಂದ್ ಆದಮೇಲೂ ಆ ಗುಂಡಿಯಲ್ಲಿ ನೀರು ನಿಲ್ಲುತ್ತೆ, ಅದೇ ಜೊಂಡಿಗೆ ಸಸಿಮಡಿ. ಲೈನಿಂಗ್ ಇರುವ ಕಡೆ ಬಕೆಟ್ ತಗುಲಿದರೆ ಸಿಮೆಂಟ್ ಹೋಳಾಗುತ್ತೆ, ಆ ಸಂದಿಯಲ್ಲೇ ಮತ್ತೆ ಬೇರು.

ಮೂರನೇದು, ಇದು ಎಲ್ಲಿಂದಲೋ ಬಂದ ಪರದೇಶಿ ಕಳೆ ಅಲ್ಲ. ನಮ್ಮ ಕೆರೆಗಳಲ್ಲಿ ಮೊದಲಿಂದಲೂ ಇದ್ದದ್ದೇ. ಈಗ ಅದಕ್ಕೆ ಬೇಕಾದ್ದೆಲ್ಲ ಒಂದೇ ಕಡೆ ಸಿಗ್ತಿದೆ. ತಳದಲ್ಲಿ ಹೂಳು. ವರ್ಷಪೂರ್ತಿ ಗದ್ದೆಗಳಿಂದ ಇಳಿಯುವ ಬಸಿ ನೀರು. ಆ ನೀರಲ್ಲಿ ನಾವೇ ಹಾಕಿದ ಯೂರಿಯಾ. ಮೊಣಕಾಲುದ್ದದ ನೀರು, ಮೇಲೆ ಬಿಸಿಲು.

ಟೇಲೆಂಡ್ ರೈತ

ಸರ್, ಮೇಲಿನವರಿಗೆ ಲಾಭ ಅಂದ್ರಲ್ಲ, ಈಗ ಅರ್ಥ ಆಯ್ತು. ಹೋದ ವರ್ಷ ಅವರನ್ನ ಕೇಳಿದ್ದಕ್ಕೆ "ನಮ್ಗೇನೂ ತೊಂದ್ರೆ ಇಲ್ವಲ್ಲ" ಅಂದಿದ್ರು. ಅವರದ್ದೆಲ್ಲ ಈಗ ಅಡಿಕೆ ತೋಟ.

ಹಾಗಾದ್ರೆ ಕೊಯ್ಯೋದೇ ದಾರಿಯಾ? ಪ್ರತಿ ವರ್ಷ ಕೊಯ್ದೂ ಕೊಯ್ದೂ ಹೀಗಾಗಿದೆಯಲ್ಲ.

ಹಕ್ಕಿಹುಚ್ಚು

ಗದ್ದೆಬದು ಅವರೇ, ಗ್ಲೈಫೋಸೇಟ್ ಬಗ್ಗೆ ಒಂದು ಮಾತು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅದರ ಬಳಕೆಯನ್ನು ಪರವಾನಗಿ ಇರುವ ಕೀಟ ನಿಯಂತ್ರಣ ನಿರ್ವಾಹಕರಿಗೆ ಮಾತ್ರ ಸೀಮಿತ ಮಾಡಿ ಅಧಿಸೂಚನೆ ಹೊರಡಿಸಿತು. ಅದಕ್ಕೆ ಮೊದಲೂ ಅದರ ಲೇಬಲ್ ಇದ್ದದ್ದು ಟೀ ತೋಟಕ್ಕೆ, ಬೆಳೆ ಇಲ್ಲದ ಜಾಗಕ್ಕೆ. ಹರಿಯುವ ನೀರಿಗೆ ಅಲ್ಲ. ಔಷಧಿ ಎಲೆಗೆ ಅಂಟಲಿ ಅಂತ ಬೆರೆಸಿರುವ ಸೋಪಿನಂಥ ವಸ್ತು ಇದೆಯಲ್ಲ, ಹಲವು ತಯಾರಿಕೆಗಳಲ್ಲಿ ಅದೇ ಕಪ್ಪೆಮರಿಗಳಿಗೆ ವಿಷ. ಗದ್ದೆಯಲ್ಲಿ ಹುಳ ತಿನ್ನೋದು ಯಾರು ಅಂದುಕೊಂಡಿದ್ದೀರಿ? ಇನ್ನು ದಾವಣಗೆರೆ ಊರಿನವರೇ ಭದ್ರಾ ನಾಲೆಯಿಂದ ತುಂಬಿಸಿದ ಕೆರೆ ನೀರು ಕುಡಿಯುತ್ತಾರೆ. ಕಾಲುವೆ ಅಂದ್ರೆ ಬರೀ ಗದ್ದೆಗೆ ಅಲ್ಲ.

ಇನ್ನೊಂದು ಮನವಿ. ಕಾಲುವೆಯಲ್ಲಿ ಕೊಯ್ಯಿರಿ, ನನ್ನ ತಕರಾರಿಲ್ಲ. ಕೆರೆ ಅಂಗಳದಲ್ಲಿ ಮಾತ್ರ ಪೂರ್ತಿ ಬೋಳಿಸಬೇಡಿ. ಜಂಬುಕೋಳಿ ಗೂಡು ಕಟ್ಟೋದು ಜೊಂಡಿನೊಳಗೇ. ಗೀರು ಗೀಜಗ ಗೂಡು ನೇಯೋದೂ ಅದರಲ್ಲೇ. ಒಂದು ಮೂಲೆಯಲ್ಲಿ ಉಳಿಸಿ. ಹಾಗಂತ ಇಡೀ ಕೆರೆ ಜೊಂಡಾದರೂ ಹಕ್ಕಿಗೆ ಒಳ್ಳೇದಲ್ಲ. ಗದಗದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳಿಗೆ ಬೇಕಾಗಿರೋದು ಬಯಲು ನೀರು. ಜೊಂಡು ಮುಚ್ಚಿದ ಕೆರೆಗೆ ಅವು ಇಳಿಯಲ್ಲ.

ಗದ್ದೆಬದು

ಸ್ವಾಮಿ, ನಿಮ್ಮ ಜಂಬುಕೋಳಿ ನಮ್ಮ ಭತ್ತದ ಸಸಿ ಕಿತ್ತು ಹಾಕುತ್ತೆ, ಅದು ಗೊತ್ತಾ? ಜೊಂಡಿನೊಳಗೆ ಹಂದಿ ಮಲಗುತ್ತೆ. ಹೆಗ್ಗಣ ದಂಡೆ ತೂತು ಮಾಡುತ್ತೆ. ರಾತ್ರಿ ನೀರು ಕಟ್ಟೋಕೆ ಹೋದರೆ ಕಾಲಿಗೆ ಏನು ಸಿಗುತ್ತೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡು ಹೋಗಬೇಕು. ನೀವು ಭಾನುವಾರ ಕ್ಯಾಮೆರಾ ಹಿಡ್ಕೊಂಡು ಬಂದು ಹೋಗೋರು.

ಹಕ್ಕಿಹುಚ್ಚು

ನನ್ನದೂ ಎರಡು ಎಕರೆ ಗದ್ದೆ ಇದೆ ಯಜಮಾನ್ರೇ. ಜಂಬುಕೋಳಿ ಸಸಿ ಕೀಳೋದು ನಿಜ, ಅದನ್ನ ಇಲ್ಲ ಅನ್ನಲ್ಲ. ಅದಕ್ಕೇ ಹೇಳಿದ್ದು, ಕಾಲುವೆಯಲ್ಲಿ ಕೊಯ್ಯಿರಿ ಅಂತ.

ಎಮ್ಮೆಮನೆ

ನಾನು ಬೆಂಗಳೂರು ಅಂಚಿನವಳು. ಹೈನುಗಾರಿಕೆ. ನಮ್ಮಲ್ಲಿ ರಾಜಕಾಲುವೆ ಪಕ್ಕ ಜೊಂಡಿಗಿಂತ ಪ್ಯಾರಾ ಹುಲ್ಲಿನ ಕಾಟ ಜಾಸ್ತಿ. ಇದು ನಿಜಕ್ಕೂ ಹೊರಗಿನದು, ಆಫ್ರಿಕಾ ಮೂಲದ ಹುಲ್ಲು. ಮೇವಿಗೆ ಅಂತ ತಂದು ನೆಟ್ಟಿದ್ದು ನೀರು ಕಂಡ ಕಡೆಯೆಲ್ಲ ಹಬ್ಬಿದೆ. ದಂಡೆಯಿಂದ ನೀರಿನ ಮೇಲಕ್ಕೆ ಕೈ ಚಾಚುತ್ತೆ. ಪ್ರತಿ ಗೆಣ್ಣಿನಲ್ಲೂ ಬೇರು ಬಿಡುತ್ತೆ. ಕಾಂಡ ಹಿಡಿದು ಎಳೆದರೆ ಗೆಣ್ಣು ಗೆಣ್ಣಿಗೆ ಕಳಚಿ ಕೈಗೆ ಬರುತ್ತೆ, ಕಳಚಿದ ತುಂಡು ತೇಲಿಹೋಗಿ ಮುಂದೆ ಎಲ್ಲೋ ಸಿಕ್ಕಿಕೊಂಡು ಅಲ್ಲೇ ಚಿಗುರುತ್ತೆ. ಮಳೆ ಬಂದಾಗ ಮೋರಿ ಬಾಯಿ ಕಟ್ಟೋದು ಪ್ಲಾಸ್ಟಿಕ್ ಒಂದರಿಂದಲೇ ಅಲ್ಲ, ಈ ಹುಲ್ಲಿನ ಗೊಂಚಲಿಗೆ ಪ್ಲಾಸ್ಟಿಕ್ ಸಿಕ್ಕಿಕೊಂಡು.

ಆದ್ರೆ ಇದನ್ನ ದಿನಾ ಕೊಯ್ದು ಹೊರೆ ಕಟ್ಟಿ ಮಾರಿ ಬದುಕುವವರಿದ್ದಾರೆ. ಬೆಳ್ಳಂದೂರು, ವರ್ತೂರು ಕೆರೆ ಅಂಚಿನಲ್ಲಿ ಹುಲ್ಲು ಕೊಯ್ಯೋರನ್ನ ನೋಡಿರ್ತೀರಿ. ಹೈದರಾಬಾದಿನ ಮೂಸಿ ನದಿ ಕೆಳಗೆ ಇದೇ ಪ್ಯಾರಾ ಹುಲ್ಲನ್ನ ಚರಂಡಿ ನೀರಲ್ಲೇ ಬೆಳೆದು ಊರಿನ ಎಮ್ಮೆಗಳಿಗೆ ಹಾಕ್ತಾರೆ, ಅಲ್ಲಿ ಅದೊಂದು ದೊಡ್ಡ ಕಸುಬೇ. ನಾನು ಮಾತ್ರ ಈಗ ಕೊಳಚೆ ನೀರಿನ ಹುಲ್ಲು ಹಾಕಲ್ಲ. ಕಾರ್ಖಾನೆ ನೀರು ಸೇರಿದ ಕಡೆ ಹುಲ್ಲಿನಲ್ಲಿ ಭಾರ ಲೋಹ ಸೇರುತ್ತೆ ಅಂತ ಪಶುವೈದ್ಯರು ಎಚ್ಚರಿಸಿದ್ದರು. ಶುದ್ಧ ನೀರಿನ ಕಾಲುವೆ ಹುಲ್ಲಾದರೆ ಕಣ್ಣು ಮುಚ್ಚಿ ಹಾಕಿ, ಹಾಲಿಗೆ ಒಳ್ಳೇದೇ.

ಜೊಂಡಿನ ವಿಷಯಕ್ಕೆ ಬಂದರೆ, ಎಳೆ ಚಿಗುರನ್ನ ಎಮ್ಮೆ ತಿನ್ನುತ್ತೆ. ಬಲಿತ ಮೇಲೆ ಮೂಸಿಯೂ ನೋಡಲ್ಲ. ಹಿಂದೆ ಕೆರೆಗೆ ದಿನಾ ಎಮ್ಮೆ ಇಳಿಯುತ್ತಿದ್ದವು. ಚಿಗುರು ಬಂದದ್ದೇ ತಿಂದು, ತುಳಿದು ಮುಗಿಸುತ್ತಿದ್ದವು. ಈಗ ಎಲ್ಲರ ಮನೇಲೂ ಸೀಮೆ ಹಸು, ಕೊಟ್ಟಿಗೆ ಬಿಟ್ಟು ಹೊರಗೆ ಹೋಗಲ್ಲ. ನನ್ನ ಪ್ರಕಾರ ಜೊಂಡು ಹೆಚ್ಚಾಗೋಕೆ ಅದೂ ಒಂದು ಕಾರಣ.

ಹಕ್ಕಿಹುಚ್ಚು

ಅಕ್ಕ, ನೀವು ಹೇಳಿದ್ದಕ್ಕೆ ದೊಡ್ಡ ಸಾಕ್ಷಿ ರಾಜಸ್ಥಾನದ ಭರತಪುರದಲ್ಲಿದೆ. ಅಲ್ಲಿನ ಕೇವಲಾದೇವ್ ಪಕ್ಷಿಧಾಮದಲ್ಲಿ 1982ರಲ್ಲಿ ಎಮ್ಮೆ ಮೇಯಿಸೋದನ್ನ ನಿಲ್ಲಿಸಿದರು. ಹಕ್ಕಿಗೆ ಒಳ್ಳೇದಾಗುತ್ತೆ ಅಂತಲೇ ಮಾಡಿದ್ದು. ಆಮೇಲೆ ನೀರಿನ ಮೇಲೆಲ್ಲ ಒಂದು ಜಾತಿ ಹುಲ್ಲು ಹಬ್ಬಿ, ಬಾತುಗಳಿಗೆ ಬೇಕಾದ ಬಯಲು ನೀರೇ ಕಡಿಮೆ ಆಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ವರ್ಷಗಟ್ಟಲೆ ಅಲ್ಲೇ ಅಧ್ಯಯನ ಮಾಡಿ, ಎಮ್ಮೆ ಇದ್ದದ್ದೇ ಒಳ್ಳೇದಿತ್ತು ಅಂತ ಹೇಳಿದರು. ಹಕ್ಕಿ ನೋಡುವವರಿಗೆ ಇದು ಬಾಯಿಪಾಠ ಆಗಿರಬೇಕಾದ ಕಥೆ.

ಒಂಟಾರಿಯೊ ಕನ್ನಡಿಗ

ಊರು ಹರಿಹರ, ಈಗ ಇರೋದು ಕೆನಡಾದಲ್ಲಿ. ಇಲ್ಲೂ ಇದೇ ಗೋಳು, ಹುಲ್ಲು ಮಾತ್ರ ಬೇರೆ. ಫ್ರಾಗ್ಮೈಟಿಸ್ ಅಂತ. ಯುರೋಪಿನಿಂದ ಬಂದದ್ದು, ಹದಿನೈದು ಅಡಿ ಬೆಳೆಯುತ್ತೆ. ಹೆದ್ದಾರಿ ಪಕ್ಕದ ಚರಂಡಿ ಹಿಡಿದುಕೊಂಡೇ ಊರಿಂದ ಊರಿಗೆ ಹೋಗಿ, ದೊಡ್ಡ ಸರೋವರಗಳ ದಂಡೆ ತುಂಬಿದೆ. ಇಲ್ಲಿನದೇ ಆದ ಫ್ರಾಗ್ಮೈಟಿಸ್ ಒಂದಿತ್ತು, ಪಾಪದ್ದು, ಅದನ್ನ ಇದು ಮೂಲೆಗೆ ತಳ್ಳಿದೆ. ನೋಡೋಕೆ ಎರಡೂ ಹೆಚ್ಚೂಕಮ್ಮಿ ಒಂದೇ ಥರ. 2016ರಿಂದ ಒಂಟಾರಿಯೊ ಪ್ರಾಂತ್ಯದಲ್ಲಿ ಇದನ್ನ ಹೊರಗಿನಿಂದ ತರೋದು, ಮಾರೋದು, ನೆಡೋದು ಕಾನೂನಿನಲ್ಲಿ ನಿಷಿದ್ಧ. 2019ರಲ್ಲಿ ಇದರ ಕಾಂಡ ಕೊರೆಯುವ ಪತಂಗಗಳನ್ನೂ ತಂದು ಬಿಟ್ಟಿದ್ದಾರೆ.

ನಿಮಗೆ ಉಪಯೋಗ ಆಗಬಹುದಾದ ವಿಷಯ ಒಂದಿದೆ. ನೀರಿನಲ್ಲಿ ನಿಂತ ಹುಲ್ಲಿಗೆ ಇಲ್ಲಿ ಸ್ವಯಂಸೇವಕರು ಔಷಧಿ ಹೊಡೆಯಲ್ಲ. ಉದ್ದ ಹಿಡಿಕೆಯ ಕತ್ತಿ ಹಿಡಿದು, ಸೊಂಟದವರೆಗಿನ ಬೂಟು ಹಾಕಿಕೊಂಡು ನೀರಿಗೆ ಇಳಿದು, ನೀರಿನ ಮಟ್ಟಕ್ಕಿಂತ ಕೆಳಗೆ, ನೆಲಕ್ಕೆ ಹತ್ತಿರ ಕತ್ತರಿಸುತ್ತಾರೆ. ಮುಳುಗಿಸಿ ಸಾಯಿಸೋದು ಅಂತಲೇ ಲೆಕ್ಕ. ಬೇಸಿಗೆ ಕೊನೆಗೆ ಹೋಗಿ ನೋಡಿದರೆ ಕತ್ತರಿಸಿದ ಕಡೆ ನೀರು ತಿಳಿಯಾಗಿರುತ್ತೆ. ನೀರಿನ ಮೇಲೆ ಒಂದು ಗೇಣು ಮೋಟು ಬಿಟ್ಟ ಕಡೆ ಹುಲ್ಲು ಮೊದಲಿನಂತೇ ಇರುತ್ತೆ.

ಹಳೇ ಇಂಜಿನಿಯರ್

ಒಂಟಾರಿಯೊ ಅವರು ಸರಿಯಾದ ಜಾಗಕ್ಕೆ ಬಂದರು. ಜೊಂಡಿಗೂ ಅದೇ ನಿಯಮ.

ಜೊಂಡಿನ ಬುಡ ಕತ್ತರಿಸಿ ಅಡ್ಡ ಸೀಳು ನೋಡಿ. ಜೇನುಗೂಡಿನ ಥರ ಖಾನೆ ಖಾನೆ ಇರುತ್ತೆ. ಹಿಸುಕಿದರೆ ಸ್ಪಂಜಿನ ಹಾಗೆ ಒಳಕ್ಕೆ ಹೋಗುತ್ತೆ. ಅದು ಗಾಳಿ ಕೊಳವೆ. ಕೆಸರಿನೊಳಗೆ ಆಮ್ಲಜನಕ ಇರಲ್ಲ. ಗೆಡ್ಡೆ ಉಸಿರಾಡೋದು ಈ ಕೊಳವೆಯ ಮೂಲಕವೇ. ಎಲೆ ಒಣಗಿ ಸತ್ತ ಮೇಲೂ ಒಣ ಕಡ್ಡಿ ನೀರಿನಿಂದ ಹೊರಗೆ ನಿಂತಿದ್ದರೆ ಗಾಳಿ ಇಳಿಯುತ್ತಲೇ ಇರುತ್ತೆ. ಅದಕ್ಕೇ ಜಂಗಲ್ ಕಟಿಂಗ್ ಮಾಡಿದವರು ಮೊಳದುದ್ದ ಮೋಟು ಬಿಟ್ಟು ಹೋದರೆ ಕೆಲಸ ದಂಡ. ನೀರು ಬಂದಾಗ ಆ ಮೋಟೆಲ್ಲ ತಲೆ ಹೊರಗೆ ಹಾಕಿಕೊಂಡು ಆರಾಮಾಗಿ ಉಸಿರಾಡುತ್ತವೆ. ಟೇಲೆಂಡ್ ಅವರೇ, ನೀವು ಕೇಳಿದ್ದಕ್ಕೆ ಇದೇ ಉತ್ತರ. ಕೊಯ್ದದ್ದು ತಪ್ಪಲ್ಲ, ಕೊಯ್ದ ಎತ್ತರ ತಪ್ಪು, ಕೊಯ್ದ ಕಾಲ ತಪ್ಪು.

ಕಾಲ ಯಾವುದು ಅಂದರೆ, ಹಸಿರು ಕದಿರು ಹೊರಟ ಹೊತ್ತು. ಗೆಡ್ಡೆಯಲ್ಲಿ ಕೂಡಿಟ್ಟದ್ದನ್ನೆಲ್ಲ ಮೇಲಕ್ಕೆ ಕಳಿಸಿ ಹೂ ಬಿಟ್ಟಿರುತ್ತೆ, ಕೆಳಗೆ ಖಾಲಿ. ಕದಿರು ಕಂದು ಬಣ್ಣಕ್ಕೆ ತಿರುಗಿ ಹತ್ತಿ ಹಾರೋಕೆ ಶುರುವಾದರೆ ತಡ ಆಯಿತು ಅಂತಲೇ ಅರ್ಥ. ಒಂದು ಕದಿರಲ್ಲಿ ಲಕ್ಷಕ್ಕೂ ಮೀರಿ ಬೀಜ ಇರುತ್ತೆ. ಗಾಳಿಗೆ ಬಿಟ್ಟರೆ ಪಕ್ಕದ ಊರಿನ ಕೆರೆಗೂ ನೀವೇ ಬಿತ್ತಿದ ಹಾಗೆ.

ಭದ್ರಾದಲ್ಲಿ ಒಂದು ಅನುಕೂಲ ಇದೆ. ನೀರು ಬಿಡುವ ದಿನ ಮೊದಲೇ ಗೊತ್ತಾಗುತ್ತೆ. ಬಿಡುವ ಮೂರು ನಾಲ್ಕು ದಿನ ಮುಂಚೆ ಆಳು ಹಚ್ಚಿ, ತಳಮಟ್ಟಕ್ಕೆ ಕೊಯ್ಸಿ. ಕೆಸರಿಗೆ ಕತ್ತಿ ತಾಗಬೇಕು. ನೀರು ಬಂದಾಗ ಮೋಟಿನ ಮೇಲೆ ಒಂದು ಗೇಣಾದರೂ ನೀರು ನಿಲ್ಲಬೇಕು, ಕೆಲವು ವಾರ ಹಾಗೇ ಇರಬೇಕು. ತಿಂಗಳ ಮುಂಚೆ ಕೊಯ್ದರೆ ನೀರು ಬರುವಷ್ಟರಲ್ಲಿ ಚಿಗುರು ಸೊಂಟಕ್ಕೆ ಬಂದಿರುತ್ತೆ.

ಟೇಲೆಂಡ್ ರೈತ

ಸರ್, ಒಂದು ತೊಡಕು. ನಮ್ಮಲ್ಲಿ ಆನ್ ಅಂಡ್ ಆಫ್ ಪದ್ಧತಿ. ಇಷ್ಟು ದಿನ ನೀರು, ಇಷ್ಟು ದಿನ ಬಂದ್. ಬಂದ್ ಆದಾಗ ಮೋಟು ಮತ್ತೆ ಹೊರಗೆ ಕಾಣುತ್ತಲ್ಲ?

ಹಳೇ ಇಂಜಿನಿಯರ್

ಕಾಣುತ್ತೆ, ಚಿಗುರುತ್ತೆ ಕೂಡ. ಆದರೆ ಆ ಚಿಗುರಿಗೆ ಶಕ್ತಿ ಇರಲ್ಲ, ಬಿಳಿಚಿಕೊಂಡು ತೆಳ್ಳಗೆ ಬರುತ್ತೆ. ಮೊದಲ ಬಂದ್ ದಿನಗಳಲ್ಲೇ ಇನ್ನೊಂದು ಸಲ ಕೊಯ್ಸಿ. ಎರಡನೇ ಸಲಕ್ಕೆ ಆಳು ತುಂಬಾ ಕಡಿಮೆ ಸಾಕು. ಒಂದೇ ಸಲಕ್ಕೆ ದುಡ್ಡೆಲ್ಲ ಸುರಿಯೋ ಬದಲು ಮುಕ್ಕಾಲು ಭಾಗ ಮೊದಲ ಕೊಯ್ಲಿಗೆ, ಕಾಲು ಭಾಗ ಎರಡನೇದಕ್ಕೆ ತೆಗೆದಿಡಿ. ಪೂರ್ತಿ ಸಾಯುತ್ತೆ ಅಂತ ನಾನು ಮಾತು ಕೊಡಲ್ಲ. ಹೂಳು ಇರುವವರೆಗೂ ಮತ್ತೆ ಬರುತ್ತೆ. ಆದರೆ ಈ ಸಲದ ಬೆಳೆಗೆ ನೀರು ಬರುತ್ತೆ.

ಕೋಲಾರದ ಹುಡುಗ

ನಮ್ಮ ಕಡೆ ಕಾಲುವೆ ಇಲ್ಲ, ಕೆರೆ ಮಾತ್ರ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು ಬರೋಕೆ ಶುರುವಾಯಿತು. ಬೆಂಗಳೂರಿನ ಕೊಳಚೆ ನೀರನ್ನ ಎರಡನೇ ಹಂತದವರೆಗೆ ಶುದ್ಧ ಮಾಡಿ ಪೈಪಲ್ಲಿ ಕಳಿಸ್ತಾರೆ. ಬತ್ತಿ ಬಿರುಕು ಬಿಟ್ಟ ಕೆರೆ ತುಂಬಿದ್ದು ಖುಷಿಯೇ, ಬೋರ್‌ವೆಲ್‌ಗಳಲ್ಲಿ ನೀರು ಬಂತು. ಆದ್ರೆ ಮೊದಲು ನಮ್ಮ ಕೆರೆ ಬೇಸಿಗೇಲಿ ಪೂರ್ತಿ ಒಣಗುತ್ತಿತ್ತು. ಅಂಗಳದಲ್ಲಿ ಕ್ರಿಕೆಟ್ ಆಡ್ತಿದ್ದೆವು. ಒಣಗಿದಾಗ ಜೊಂಡೂ ಸೊರಗುತ್ತಿತ್ತು, ದನ ಮೇಯ್ದು ಮುಗಿಸ್ತಿತ್ತು. ಈಗ ವರ್ಷವಿಡೀ ನೀರು, ಅದರಲ್ಲೂ ಸಾರಜನಕ, ರಂಜಕ ಇರುವ ನೀರು. ನಮ್ಮೂರ ಕೆರೆಯಲ್ಲಿ ನೀರು ಒಳಗೆ ಬರುವ ಕಡೆಯಿಂದ ಶುರುವಾಗಿ ಜೊಂಡು ಒಳಕ್ಕೆ ಒಳಕ್ಕೆ ಹೋಗ್ತಾ ಇದೆ. ಕೋಡಿ ಹತ್ತಿರ ಆಳ ಇದೆ, ಅಲ್ಲಿ ಬಂದಿಲ್ಲ.

ಹಳೇ ಇಂಜಿನಿಯರ್

ಆಳ ಇದ್ದ ಕಡೆ ಬರಲ್ಲ, ನೀವು ನೋಡಿದ್ದು ಸರಿ. ನಾಲ್ಕೈದು ಅಡಿ ಮೀರಿದರೆ ಅದಕ್ಕೆ ಕಷ್ಟ. ಹೂಳು ತೆಗೆದ ಕೆರೆಯಲ್ಲಿ ಜೊಂಡು ಅಂಚಿಗೆ ನಿಲ್ಲೋದು ಇದೇ ಕಾರಣಕ್ಕೆ.

ನೀರು ಒಳಗೆ ಬರುವ ಬಾಯಲ್ಲಿ ಇರುವ ಜೊಂಡನ್ನ ಮಾತ್ರ ಪೂರ್ತಿ ತೆಗೆಯಬೇಡಿ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದ ನೀರನ್ನ ಜೊಂಡಿನ ಜೌಗಿನ ಮೂಲಕ ಹಾಯಿಸಿಯೇ ಕೆರೆಗೆ ಬಿಡೋದು. ನೀರಿನಲ್ಲಿರುವ ಸಾರಜನಕ, ರಂಜಕವನ್ನ ಗಿಡ ಹೀರಿಕೊಳ್ಳುತ್ತೆ. ಭಾರತೀಯ ವಿಜ್ಞಾನ ಸಂಸ್ಥೆಯವರು ಅಲ್ಲಿ ನೀರು ಪರೀಕ್ಷೆ ಮಾಡಿ ಇದನ್ನ ತೋರಿಸಿದ್ದಾರೆ. ಷರತ್ತು ಒಂದೇ. ಕಾಲಕಾಲಕ್ಕೆ ಕೊಯ್ದು ಕೆರೆಯಿಂದ ಹೊರಗೆ ಸಾಗಿಸಬೇಕು. ಅಲ್ಲೇ ಕೊಳೆತರೆ ಹೀರಿದ್ದೆಲ್ಲ ವಾಪಸ್ ನೀರಿಗೇ.

ಎಮ್ಮೆಮನೆ

ಕೊಯ್ಯದೆ ಬಿಟ್ಟರೆ ಏನಾಗುತ್ತೆ ಅಂತ ನಾವು ಬೆಳ್ಳಂದೂರಲ್ಲಿ ನೋಡಿದ್ದೀವಲ್ಲ. 2018ರ ಜನವರಿಯಲ್ಲಿ ಕೆರೆಯೊಳಗಿನ ಒಣ ಹುಲ್ಲಿಗೆ ಬೆಂಕಿ ಬಿದ್ದು, ಸೇನೆಯವರು ಬಂದು ಆರಿಸಬೇಕಾಯ್ತು. ಕೆರೆಗೆ ಬೆಂಕಿ ಬೀಳೋದು ಅಂದ್ರೆ ನಮ್ಮಜ್ಜಿ ನಂಬಲೇ ಇಲ್ಲ.

ಆಪಿನ ಚಾಪೆ

ನಮಸ್ಕಾರ್ರಿ. ನಮ್ಮದು ಗಂಗಾವತಿ ಕಡೆ. ತುಂಗಭದ್ರಾ ಎಡದಂಡೆ. ನಮ್ಮಲ್ಲಿ ಇದಕ್ಕೆ ಆಪು ಅಂತೀವಿ. ನಮ್ಮವ್ವನ ಕಾಲದಾಗ ಇದು ಕಳೆ ಆಗಿರಲಿಲ್ಲ, ಸರಕು ಆಗಿತ್ತು. ಎಲೆ ಕೊಯ್ದು, ಬಿಸಿಲಿಗೆ ಹರಡಿ, ಎರಡು ದಿನ ಮಗ್ಗಲು ಬದಲಿಸಿ, ಬಾಡಿದ ಮೇಲೆ ಚಾಪೆ ಹೆಣೀತಿದ್ದರು. ಪೂರ್ತಿ ಒಣಗಿದರೆ ಮುರೀತದೆ, ಹಸಿ ಇದ್ದರೆ ಆಮೇಲೆ ಸಂದಿ ಬಿಡ್ತದೆ. ಆ ಹದ ನೋಡೋದೇ ಕೆಲಸ. ಗುಡಿಸಲ ಮೇಲೂ ಹೊದಿಸ್ತಿದ್ದರು. ಜಾತ್ರಿಗೆ ಮುಂಚೆ ಆಪು ಕೊಯ್ಯೋಕೆ ಜಗಳ ಆಗ್ತಿತ್ತು, ನಂದು ಈ ಪಟ್ಟಿ, ನಿಂದು ಆ ಪಟ್ಟಿ ಅಂತ. ಪ್ಲಾಸ್ಟಿಕ್ ಚಾಪೆ ಬಂತು, ಎಲ್ಲಾ ನಿಂತಿತು. ಈಗ ನಾನೊಬ್ಬಳೇ ಹೆಣೆಯೋದು, ಅದೂ ಯಾರಾದರೂ ಕೇಳಿದರೆ.

ಗದ್ದೆಬದು

ಅಕ್ಕ, ನಿಮ್ಮ ಚಾಪೆ ಚೆನ್ನಾಗಿರುತ್ತೆ, ನಮ್ಮ ಮನೇಲೂ ಇತ್ತು. ಆದ್ರೆ ಊರೆಲ್ಲ ಚಾಪೆ ಹೆಣೆದರೂ ಒಂದು ಕಾಲುವೆ ಖಾಲಿ ಆಗಲ್ಲ.

ಆಪಿನ ಚಾಪೆ

ಖಾಲಿ ಆಗ್ತದೆ ಅಂತ ನಾ ಎಲ್ಲಿ ಹೇಳೀನಿ? ಮೊದಲು ಏನಿತ್ತು ಅಂತ ಹೇಳಿದೆ.

ಒಂಟಾರಿಯೊ ಕನ್ನಡಿಗ

ಬಳಕೆ ಅಂದಾಗ ನೆನಪಾಯ್ತು. ಪಶ್ಚಿಮ ಆಫ್ರಿಕಾದ ಸೆನೆಗಲ್ ನದಿಗೆ 1986ರಲ್ಲಿ ಡಿಯಾಮಾ ಅಣೆಕಟ್ಟು ಕಟ್ಟಿದರು, ಸಮುದ್ರದ ಉಪ್ಪು ನೀರು ಒಳಗೆ ಬರದ ಹಾಗೆ. ಉಪ್ಪು ನಿಂತದ್ದೇ ತಡ, ಮೇಲಿನ ಸಿಹಿನೀರೆಲ್ಲ ಜೊಂಡು. ಕಾಲುವೆ ಕಟ್ಟಿಕೊಂಡಿತು, ದೋಣಿ ಹೋಗೋಕೆ ದಾರಿ ಇಲ್ಲ. ಈಗ ಅಲ್ಲಿ ಅದನ್ನ ಕೊಯ್ದು ಒಣಗಿಸಿ ಇದ್ದಿಲು ಮಾಡುವ ಕೆಲಸ ನಡೀತಿದೆ, ಸೌದೆ ಇದ್ದಿಲಿನ ಬದಲಿಗೆ. ಅಲ್ಲೂ ಜೊಂಡೇನೂ ಮುಗಿದಿಲ್ಲ, ಗದ್ದೆಬದು ಅವರ ಮಾತು ಅಷ್ಟರಮಟ್ಟಿಗೆ ಸರಿ.

ಟೇಲೆಂಡ್ ರೈತ

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಊರ ಕಟ್ಟೆಯಲ್ಲಿ ಇದನ್ನೆಲ್ಲ ಓದಿ ಹೇಳಿದೆ. ಬೆಂಕಿ ಬೇಡ, ಔಷಧಿ ಬೇಡ ಅಂತ ಆಗಿದೆ. ಎರಡು ಕೊಯ್ಲು ಅಂತ ತೀರ್ಮಾನ. ಆದ್ರೆ ಲೆಕ್ಕ ಹಾಕಿದರೆ ಇಡೀ ಉಪಕಾಲುವೆಗೆ ದುಡ್ಡು ಸಾಲಲ್ಲ. ಉದ್ಯೋಗ ಖಾತ್ರಿಯಲ್ಲಿ ಮಾಡಿಸೋಣ ಅಂದ್ರೆ ನೀರು ಬಿಡೋ ಮುಂಚೆ ಆಗುತ್ತೆ ಅನ್ನೋ ಭರವಸೆ ಇಲ್ಲ. ನಮ್ಮ ಕಡೆಯಿಂದ ಶುರು ಮಾಡಲಾ, ಮೇಲಿಂದ ಶುರು ಮಾಡಲಾ?

ಹಳೇ ಇಂಜಿನಿಯರ್

ಎರಡೂ ಬೇಡ. ಕಟ್ಟಿಕೊಂಡ ಜಾಗ ಹುಡುಕಿ. ಈಗ ನೀರು ಹರಿಯುತ್ತಿರುವಾಗಲೇ ಕಾಲುವೆ ನೀರು ನೋಡಿಕೊಳ್ಳುವ ಸೌಡಿಯನ್ನ ಕರ್ಕೊಂಡು ದಂಡೆ ಮೇಲೆ ಒಂದು ಸಲ ನಡೆದುಬಿಡಿ. ಪ್ರತಿ ಮೋರಿಯ ಗೋಡೆ ಮೇಲೆ, ಆಚೆ ಈಚೆ ಎರಡೂ ಕಡೆ, ನೀರಿನ ಮಟ್ಟಕ್ಕೆ ಸುಣ್ಣದ ಗುರುತು ಹಾಕಿ. ಮೋರಿಯ ಮೇಲುಗಡೆಗೂ ಕೆಳಗಡೆಗೂ ನಾಲ್ಕು ಬೆರಳು ವ್ಯತ್ಯಾಸ ಇದ್ದರೆ ಕಟ್ಟಿರೋದು ಅಲ್ಲೇ. ಎರಡು ಮೋರಿ ನಡುವೆ ನೀರು ತಟ್ಟನೆ ಇಳಿದಿದ್ದರೆ ಆ ತುಂಡಿನಲ್ಲಿ ಜೊಂಡು ಅಡ್ಡ ಇದೆ. ಸಾಮಾನ್ಯವಾಗಿ ತಿರುವಿನಲ್ಲಿ, ಮೋರಿ ಬಾಯಲ್ಲಿ, ದನ ಇಳಿದು ದಂಡೆ ಕುಸಿದ ಕಡೆ ಇರುತ್ತೆ. ಅಂಥ ಜಾಗ ಮೊದಲು ಕೊಯ್ಸಿ. ಅಲ್ಲಿಗೆ ಮಾತ್ರ ಬೇಕಾದರೆ ಅರ್ಧ ದಿನ ಹಿಟಾಚಿ ತಂದು ಹೂಳು ಎತ್ತಿಸಿ, ಮಟ್ಟ ಹಿಡಿಯೋಕೆ ಒಬ್ಬ ಗೊತ್ತಿರುವವನನ್ನ ಪಕ್ಕ ನಿಲ್ಲಿಸಿ.

ತೆಗೆದದ್ದನ್ನ ದಂಡೆ ಮೇಲೆ ಗುಡ್ಡೆ ಹಾಕಬೇಡಿ. ಮೊದಲ ಮಳೆಗೆ ಗೆಡ್ಡೆ ಸಮೇತ ವಾಪಸ್ ಕಾಲುವೆಗೆ ಜಾರುತ್ತೆ. ದಂಡೆಯ ಮೇಲೆ ಹೊಂಗೆ ಹಾಕಿದರೆ ಕೆಲವು ವರ್ಷದಲ್ಲಿ ನೆರಳು ಬೀಳುತ್ತೆ, ಜೊಂಡಿಗೂ ಪ್ಯಾರಾ ಹುಲ್ಲಿಗೂ ನೆರಳು ಆಗಲ್ಲ. ಆದರೆ ಹಿಟಾಚಿ ಓಡಾಡೋಕೆ ಒಂದು ಬದಿ ಬಿಟ್ಟಿರಿ. ಎರಡೂ ಬದಿ ನೆಟ್ಟು ಆಮೇಲೆ ಮರ ಕಡಿಯೋಕೆ ಅರ್ಜಿ ಹಾಕಿದವರನ್ನ ನೋಡಿದ್ದೇನೆ.

ಎಮ್ಮೆಮನೆ

ಕೊಯ್ದ ಎಲೆ ತೋಟಕ್ಕೆ ಮುಚ್ಚಿಗೆ ಹಾಕೋಕೆ ಚೆನ್ನಾಗಿರುತ್ತೆ. ಬೇಗ ಕರಗಲ್ಲ, ತೇವ ಹಿಡಿಯುತ್ತೆ. ಮೇಲಿನವರದ್ದು ಅಡಿಕೆ ತೋಟ ಅಂದ್ರಲ್ಲ, ಅವರಿಗೆ ಬೇಡವಾ ಕೇಳಿ ನೋಡಿ. ಎಲೆ ಮಾತ್ರ ಕೊಡಿ. ಗೆಡ್ಡೆ, ಕದಿರು ಸೇರಿಸಬೇಡಿ, ಇಲ್ಲಾಂದ್ರೆ ಅವರ ಬಸಿಗಾಲುವೆಯಲ್ಲೂ ಶುರುವಾಗುತ್ತೆ.

ಟೇಲೆಂಡ್ ರೈತ

ಮೇಡಂ, ನಿಮ್ಮ ಮಾತು ಕೇಳಿ ಇವತ್ತು ಬೆಳಗ್ಗೆ ಮೇಲಿನ ಊರಿಗೆ ಹೋಗಿದ್ದೆ. ವಂತಿಗೆ ಅಂದಾಗ ಮುಖ ತಿರುಗಿಸಿದವರು ಮುಚ್ಚಿಗೆ ಅಂದ ಕೂಡಲೇ ಕೂರಿಸಿ ಟೀ ಕೊಟ್ಟರು. ಇಬ್ಬರು ಟ್ರ್ಯಾಕ್ಟರ್ ಕಳಿಸ್ತೀವಿ ಅಂದಿದ್ದಾರೆ. ಅವರ ಗಡಿಯೊಳಗಿನ ತುಂಡನ್ನ ಅವರೇ ಆಳು ಹಚ್ಚಿ ಕೊಯ್ದುಕೊಳ್ಳುತ್ತಾರಂತೆ. ತಳಮಟ್ಟಕ್ಕೆ ಕೊಯ್ಯಬೇಕು ಅಂತ ಒತ್ತಿ ಹೇಳಿದ್ದೇನೆ. ಎಷ್ಟು ಕೇಳ್ತಾರೋ ನೋಡಬೇಕು. ಸೌಡಿ ನಾಳಿದ್ದು ಬರ್ತಾನೆ, ಸುಣ್ಣ ತಂದಿಟ್ಟಿದ್ದೇನೆ.

ಗದ್ದೆಬದು

ಮೋರಿ ಹತ್ತಿರ ಇಳಿಯುವಾಗ ಕೋಲಲ್ಲಿ ಬಡಿದು ಇಳಿರಿ. ಹಾವು ಇರ್ತವೆ. ಮತ್ತೆ ಆ ಎರಡನೇ ಕೊಯ್ಲು ಆದಮೇಲೆ ಹೇಗಾಯ್ತು ಅಂತ ಇಲ್ಲೇ ಬರೀರಿ ಅಣ್ಣ. ನಿಮ್ಮಲ್ಲಿ ಸರಿ ಹೋದ್ರೆ ನಮ್ಮ ಕಾಲುವೆಗೂ ಆಗುತ್ತೆ.